ಕ್ಯಾಂಪಿಗೆ ಗ್ರಾವಿಟಿ ವಾಟರ್ ಫಿಲ್ಟರ್: ದುಡ್ಡು ಎಲ್ಲಿ ಹಾಕಬೇಕು, ಎಲ್ಲಿ ಉಳಿಸಬೇಕು

ಪ್ರಶ್ನೆ: ನಾವು ಐದು ಜನ ಮೂರು ರಾತ್ರಿ ಹಳ್ಳದ ಪಕ್ಕ ಟೆಂಟ್ ಹಾಕಿಕೊಂಡು ಇರಬೇಕೆಂದಿದ್ದೇವೆ. ಪಂಪ್ ಒತ್ತುತ್ತ ಕೂರುವ ಫಿಲ್ಟರ್ ಬೇಡ. ಮೇಲೆ ತೂಗುಹಾಕಿದರೆ ನೀರು ತಾನಾಗಿ ಸೋಸಿ ಇಳಿಯುವಂಥದ್ದು ಬೇಕು. ಒಂದರ ಮೇಲೆ 0.2 ಮೈಕ್ರಾನ್ ಅಂತ ಬರೆದಿದೆ, ಇನ್ನೊಂದರ ಮೇಲೆ 0.1, ಇವೆರಡಕ್ಕಿಂತ ಅಗ್ಗದ ಮತ್ತೊಂದು 0.01 ಎನ್ನುತ್ತದೆ. ಕೆಲವಕ್ಕೆ ಕಾರ್ಬನ್ ಇದೆ, ಕೆಲವಕ್ಕಿಲ್ಲ. ಹೆಚ್ಚು ಖರ್ಚಿಲ್ಲದೆ ನಂಬುವಂಥದ್ದನ್ನು ಆರಿಸುವುದು ಹೇಗೆ?

ಉತ್ತರ: ಗ್ರಾವಿಟಿ ಫಿಲ್ಟರ್ ಸೆಟ್ಟನ್ನು ಬಿಚ್ಚಿ ಹರಡಿದರೆ ಸಿಗುವುದು ಇಷ್ಟೇ: ಹಳ್ಳದ ನೀರು ತುಂಬುವ ಒಂದು ಚೀಲ, ಸೋಸಿದ ನೀರು ಹಿಡಿಯುವ ಇನ್ನೊಂದು ಚೀಲ, ಒಂದು ಮೀಟರಿನಷ್ಟು ಪೈಪು, ಪೈಪನ್ನು ಅದುಮುವ ಒಂದು ಕ್ಲಿಪ್ಪು, ನಡುವೆ ಮುಷ್ಟಿಯಲ್ಲಿ ಹಿಡಿಸುವ ಒಂದು ಕೊಳವೆ. ನೀರು ಶುದ್ಧವಾಗುವುದು ಆ ಕೊಳವೆಯಲ್ಲಿ ಮಾತ್ರ. ಉಳಿದದ್ದೆಲ್ಲ ನೀರು ಹೊರುವ ಸಾಮಾನು, ಅದರಲ್ಲಿ ಎಷ್ಟು ಬೇಕಾದರೂ ಉಳಿತಾಯ ಮಾಡಬಹುದು. ಕೊಳವೆಯಲ್ಲಿ ಮಾತ್ರ ಮಾಡಬಾರದು. ಅಗ್ಗದ ಸೆಟ್ಟುಗಳು ಸಾಮಾನ್ಯವಾಗಿ ಇದನ್ನೇ ತಿರುಗಾಮುರುಗಾ ಮಾಡಿರುತ್ತವೆ: ಚೀಲ ಗಟ್ಟಿ, ಬಣ್ಣ ಚೆಂದ, ಕೊಳವೆಯೊಳಗೆ ಏನಿದೆ ಅನ್ನುವುದಕ್ಕೆ ಒಂದು ಸಾಲಿನ ವಿವರವೂ ಇಲ್ಲ.

ಆ ಕೊಳವೆಯೊಳಗೆ ಶಾವಿಗೆ ಎಳೆಯಷ್ಟು ಸಣ್ಣ, ಒಳಗೆ ಟೊಳ್ಳಾದ ನೂರಾರು ನಾರುಗಳಿರುತ್ತವೆ. ಹಾಲೋ ಫೈಬರ್ ಅನ್ನುವುದು ಇದಕ್ಕೇ. ನಾರುಗಳನ್ನು ಮಡಚಿ, ತುದಿಗಳನ್ನೆಲ್ಲ ಒಂದು ಕಡೆ ಅಂಟಿನಲ್ಲಿ ಹುದುಗಿಸಿರುತ್ತಾರೆ. ಕೊಳೆ ನೀರು ನಾರಿನ ಹೊರಗೆ ನಿಲ್ಲುತ್ತದೆ, ಗೋಡೆಯ ಸೂಕ್ಷ್ಮ ರಂಧ್ರಗಳಲ್ಲಿ ಜಿನುಗಿ ಒಳಗಿನ ಟೊಳ್ಳಿಗೆ ಬರುತ್ತದೆ, ಅಲ್ಲಿಂದ ಕೆಳಗಿನ ಪೈಪಿಗೆ. ರಂಧ್ರಕ್ಕಿಂತ ದಪ್ಪದ್ದೆಲ್ಲ ಹೊರಗೇ ಉಳಿಯುತ್ತದೆ. ಇದರಲ್ಲಿ ರಾಸಾಯನಿಕ ಇಲ್ಲ, ವಿದ್ಯುತ್ ಇಲ್ಲ; ಬರೀ ಜರಡಿ.

ಜರಡಿ ಅಂದಮೇಲೆ ಹಿಡಿಯಬೇಕಾದ್ದರ ಗಾತ್ರ ಗೊತ್ತಿರಬೇಕು. ಮೈಕ್ರಾನ್ ಅಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಭಾಗ. ಭೇದಿ ತರಿಸುವ ಪರಾವಲಂಬಿ ಜೀವಿಗಳಲ್ಲಿ ಜಿಯಾರ್ಡಿಯಾ ಸುಮಾರು 8ರಿಂದ 12 ಮೈಕ್ರಾನ್, ಕ್ರಿಪ್ಟೊಸ್ಪೊರಿಡಿಯಂ 4ರಿಂದ 6. ಇವು ದಪ್ಪ ಆಸಾಮಿಗಳು, ಎಂಥ ಫಿಲ್ಟರಿನಲ್ಲೂ ಸಿಕ್ಕಿಬೀಳುತ್ತವೆ. ಇ-ಕೋಲೈ ಥರದ ಬ್ಯಾಕ್ಟೀರಿಯಾ ಒಂದೆರಡು ಮೈಕ್ರಾನ್ ಉದ್ದ, ಅರ್ಧ ಮೈಕ್ರಾನಿನಷ್ಟು ದಪ್ಪ. ಇದಕ್ಕೆ 0.2 ಸಾಕು, 0.1 ಇದ್ದರೆ ಇನ್ನೂ ನಿಶ್ಚಿಂತೆ. ಇವೆರಡರ ನಡುವೆ ತಲೆ ಕೆಡಿಸಿಕೊಳ್ಳಬೇಡಿ. ವೈರಸ್ಸಿನ ಲೆಕ್ಕವೇ ಬೇರೆ. ನೊರೊವೈರಸ್, ಹೆಪಟೈಟಿಸ್-ಎ ವೈರಸ್ಸುಗಳು 0.03 ಮೈಕ್ರಾನಿನ ಆಸುಪಾಸು. 0.1ರ ರಂಧ್ರ ಅವಕ್ಕೆ ಹೆಬ್ಬಾಗಿಲು.

ಮೈಕ್ರಾನ್ ಅಂಕಿಯ ಪಕ್ಕದಲ್ಲಿ ‘ಅಬ್ಸಲ್ಯೂಟ್’ ಎಂದಿದೆಯೋ ‘ನಾಮಿನಲ್’ ಎಂದಿದೆಯೋ ನೋಡಿ. ಅಬ್ಸಲ್ಯೂಟ್ ಅಂದರೆ ಆ ಗಾತ್ರಕ್ಕಿಂತ ದೊಡ್ಡ ರಂಧ್ರ ಇಲ್ಲವೆಂದು ತಯಾರಕರು ಹೊಣೆ ಹೊರುತ್ತಾರೆ. ನಾಮಿನಲ್ ಅಂದರೆ ಬಹುಪಾಲು ಹಾಗಿದೆ, ಅಲ್ಲಲ್ಲಿ ದೊಡ್ಡದೂ ಇರಬಹುದು ಎಂದರ್ಥ. ಕುಡಿಯುವ ನೀರಿಗೆ ನಾಮಿನಲ್ ಬೇಡ. ಏನೂ ಬರೆದಿಲ್ಲವಾದರೆ ನಾಮಿನಲ್ ಎಂದೇ ತಿಳಿಯಿರಿ.

ಅದಕ್ಕಿಂತ ಮುಖ್ಯವಾದದ್ದು ಶೇಕಡಾ ಅಂಕಿ, ಮತ್ತು ಹೆಚ್ಚಿನವರು ಮೋಸಹೋಗುವುದೂ ಇಲ್ಲೇ. 99.9 ಎಂದರೂ 99.9999 ಎಂದರೂ ಕಣ್ಣಿಗೆ ಒಂದೇ ಥರ ಕಾಣುತ್ತದೆ. ಒಂದು ಲೀಟರ್ ನೀರಿನಲ್ಲಿ 10 ಲಕ್ಷ ಬ್ಯಾಕ್ಟೀರಿಯಾ ಇವೆ ಅಂದುಕೊಳ್ಳಿ. ಮೊದಲನೆಯ ಫಿಲ್ಟರ್ ಸೋಸಿದ ಮೇಲೂ 1000 ಉಳಿಯುತ್ತವೆ, ಎರಡನೆಯದರಲ್ಲಿ ಒಂದು. ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ 1987ರಲ್ಲಿ ಹೊರಡಿಸಿದ ಪರೀಕ್ಷಾ ಮಾನದಂಡ ಬ್ಯಾಕ್ಟೀರಿಯಾಕ್ಕೆ 99.9999, ವೈರಸ್ಸಿಗೆ 99.99, ಜಿಯಾರ್ಡಿಯಾ ಥರದವಕ್ಕೆ 99.9 ಶೇಕಡಾ ಕೇಳುತ್ತದೆ. ಮೂರನ್ನೂ ಮುಟ್ಟಿದರೆ ಅದು ‘ಪ್ಯೂರಿಫೈಯರ್’, ವೈರಸ್ ಬಿಟ್ಟು ಉಳಿದೆರಡಷ್ಟೇ ಆದರೆ ‘ಫಿಲ್ಟರ್’. ಎನ್‌ಎಸ್‌ಎಫ್ ಎಂಬ ಅಮೆರಿಕದ ಪರೀಕ್ಷಾ ಸಂಸ್ಥೆಯ ಪಿ231 ಎಂಬ ಗುರುತು ಕಂಡರೆ ಅದರ ಮೂಲವೂ ಇದೇ ಮಾನದಂಡ. ಡಬ್ಬಿಯ ಮೇಲೆ ಮೂರು ಅಂಕಿಗಳೂ ಬೇರೆಬೇರೆಯಾಗಿ ಇರಬೇಕು. ‘99.99% ಕೀಟಾಣು ನಾಶ’ ಎಂದು ಒಟ್ಟಾರೆ ಬರೆದಿದ್ದರೆ ಯಾವ ಕೀಟಾಣು, ಯಾವ ಪರೀಕ್ಷೆ ಎಂದು ಕೇಳಿ. ಉತ್ತರ ಬಾರದಿದ್ದರೆ ಬಿಟ್ಟುಬಿಡಿ.

ಈಗ ನಿಮ್ಮ 0.01ರ ಫಿಲ್ಟರಿಗೆ ಬರೋಣ. 0.01ರ ನಾರು ಇಲ್ಲವೆಂದಲ್ಲ, ಅಲ್ಟ್ರಾಫಿಲ್ಟರ್ ಎಂಬ ಜಾತಿ ಅದೇ, 0.02 ಮೈಕ್ರಾನಿನ ಗ್ರಾವಿಟಿ ಪ್ಯೂರಿಫೈಯರುಗಳು ನಿಜಕ್ಕೂ ಇವೆ. ಆದರೆ ರಂಧ್ರ ಸಣ್ಣದಾದಷ್ಟೂ ನೀರು ನಿಧಾನ. ಬರೀ ಎತ್ತರದ ಒತ್ತಡದಲ್ಲಿ, ಅಂಗೈಯಷ್ಟು ಕೊಳವೆಯಲ್ಲಿ, 0.01 ಮೈಕ್ರಾನಿನ ಮೂಲಕ ನಿಮಿಷಕ್ಕೆ ಎರಡು ಲೀಟರ್ ಇಳಿಯುತ್ತದೆ ಎಂದು ಬರೆದಿದ್ದರೆ ಎರಡರಲ್ಲೊಂದು ಸುಳ್ಳು. ವೈರಸ್ ಪರೀಕ್ಷೆಯ ವರದಿ ತೋರಿಸದ 0.01ಕ್ಕಿಂತ, ವರದಿ ಇರುವ 0.2 ಮೇಲು.

ವೈರಸ್ಸಿನ ಭಯ ಯಾವಾಗ ಇಟ್ಟುಕೊಳ್ಳಬೇಕು? ಮನುಷ್ಯರ ಮಲ ನೀರಿಗೆ ಸೇರುವ ಸಾಧ್ಯತೆ ಇದ್ದಾಗ. ಮೇಲ್ಗಡೆ ಊರಿದೆ, ದೊಡ್ಡ ಗುಂಪು ಬೀಡುಬಿಟ್ಟಿದೆ, ನೆರೆ ಬಂದು ಇಳಿದಿದೆ ಎಂದರೆ ಇಡಬೇಕು. ಅದಕ್ಕಾಗಿ ದುಬಾರಿ ಪ್ಯೂರಿಫೈಯರೇ ಆಗಬೇಕೆಂದಿಲ್ಲ. ಫಿಲ್ಟರಿನಲ್ಲಿ ಸೋಸಿ, ಆಮೇಲೆ ಕ್ಲೋರಿನ್ ಅಥವಾ ಕ್ಲೋರಿನ್ ಡೈಆಕ್ಸೈಡ್ ಮಾತ್ರೆ ಹಾಕಿ 30 ನಿಮಿಷ ಬಿಡಿ. ನೀರು ತಣ್ಣಗಿದ್ದರೆ ಇನ್ನಷ್ಟು ಹೊತ್ತು. ಒಂದು ಮಾತ್ರೆಗೆ ಎಷ್ಟು ಲೀಟರ್ ಅನ್ನುವುದು ಪೊಟ್ಟಣದ ಮೇಲಿರುತ್ತದೆ, ಬ್ರ್ಯಾಂಡಿನಿಂದ ಬ್ರ್ಯಾಂಡಿಗೆ ಬದಲಾಗುತ್ತದೆ. ಬರೀ ಮಾತ್ರೆಯಲ್ಲೇ ಕೆಲಸ ಮುಗಿಸಲು ಹೋದರೆ ಕ್ರಿಪ್ಟೊಸ್ಪೊರಿಡಿಯಂ ಅಡ್ಡ ಬರುತ್ತದೆ: ಮಾಮೂಲಿ ಕ್ಲೋರಿನ್ನಿಗೆ ಅದು ಬಗ್ಗುವುದಿಲ್ಲ, ಕ್ಲೋರಿನ್ ಡೈಆಕ್ಸೈಡಿಗೂ ನಾಲ್ಕು ಗಂಟೆ ಬೇಕು. ಅದನ್ನು ಫಿಲ್ಟರ್ ಹಿಡಿಯುತ್ತದೆ, ವೈರಸ್ಸನ್ನು ಮಾತ್ರೆ ನೋಡಿಕೊಳ್ಳುತ್ತದೆ. ಕ್ರಮ ಮಾತ್ರ ಹಿಂದುಮುಂದಾಗಬಾರದು. ಬಗ್ಗಡ ನೀರಿಗೇ ಮಾತ್ರೆ ಹಾಕಿದರೆ ಕೊಳೆಯೇ ಕ್ಲೋರಿನ್ನನ್ನು ತಿಂದುಹಾಕುತ್ತದೆ.

ಕಾರ್ಬನ್ನಿನ, ಅಂದರೆ ಫಿಲ್ಟರಿಗೆ ಸೇರಿಸುವ ಇದ್ದಿಲಿನ, ವಿಷಯ ಚಿಕ್ಕದು. ಅದು ವಾಸನೆ, ರುಚಿ, ಕ್ಲೋರಿನ್, ಸ್ವಲ್ಪ ಮಟ್ಟಿಗೆ ಕೆಲವು ರಾಸಾಯನಿಕಗಳನ್ನು ಹೀರುತ್ತದೆ. ರೋಗಾಣುವಿನ ವಿಷಯದಲ್ಲಿ ಅದನ್ನು ಲೆಕ್ಕಕ್ಕೇ ಹಿಡಿಯಬೇಡಿ. ಹರಿಯುವ ಹಳ್ಳದ ನೀರಿಗೆ ಅದರ ಅಗತ್ಯ ಕಮ್ಮಿ. ಬೇಕಾದರೆ ಆಮೇಲೆ ಸೇರಿಸುವಂತೆ, ಬೇಡವಾದಾಗ ಕಳಚಿಡುವಂತೆ ಬೇರೆ ತುಂಡಾಗಿರುವುದನ್ನು ಕೊಳ್ಳಿ. ಮಾತ್ರೆ ಹಾಕಿದ ನೀರನ್ನು ಅವಧಿ ಮುಗಿಯುವ ಮುನ್ನ ಕಾರ್ಬನ್ನಿಗೆ ಬಿಟ್ಟರೆ ಕ್ಲೋರಿನ್ ಅಲ್ಲೇ ಹೀರಿಹೋಗುತ್ತದೆ, ಮಾತ್ರೆ ಹಾಕಿದ್ದು ದಂಡ.

ಈ ಜರಡಿ ಮಾಡಲಾಗದ ಕೆಲಸಗಳೂ ಇವೆ. ಕರಗಿದ ಉಪ್ಪು, ಹೊಲದಿಂದ ಹರಿದು ಬಂದ ಕೀಟನಾಶಕ, ಗಣಿ ಅಥವಾ ಕಾರ್ಖಾನೆಯ ಲೋಹ, ನಿಂತ ನೀರಿನ ನೀಲಿ-ಹಸಿರು ಪಾಚಿಯ ವಿಷ ಎಲ್ಲವೂ ಸಲೀಸಾಗಿ ದಾಟುತ್ತವೆ. ಕುದಿಸಿದರೂ ಹೋಗುವುದಿಲ್ಲ. ಕೆರೆಯ ಮೇಲೆ ಬಣ್ಣ ಚೆಲ್ಲಿದಂತೆ ಹಸಿರು ಕೆನೆ ಕಂಡರೆ ಬೇರೆ ನೀರು ಹುಡುಕುವುದೇ ದಾರಿ. ಟಿಡಿಎಸ್ ಮೀಟರ್ ಒಯ್ದು ಪರೀಕ್ಷಿಸುವವರಿಗೆ ಒಂದು ಮಾತು: ಅದು ಅಳೆಯುವುದು ಕರಗಿದ ಲವಣವನ್ನು. ಸೋಸುವ ಮೊದಲೂ ಆಮೇಲೂ ಅಂಕಿ ಒಂದೇ ಇರುತ್ತದೆ, ಇರಲೇಬೇಕು. ಅದನ್ನು ನೋಡಿ ಫಿಲ್ಟರ್ ಕೆಟ್ಟಿದೆ ಎಂದು ಎಸೆಯುವುದೂ ತಪ್ಪು, ಅಂಕಿ ಕಮ್ಮಿ ಇದೆ ಎಂದು ಹಸಿ ನೀರು ಕುಡಿಯುವುದು ಇನ್ನೂ ದೊಡ್ಡ ತಪ್ಪು.

ವೇಗದ ಅಂಕಿಗೆ ಮರುಳಾಗಬೇಡಿ. ಕುಡಿಯಲು, ಅಡುಗೆಗೆ ಸೇರಿ ತಲೆಗೆ ದಿನಕ್ಕೆ 5 ಲೀಟರ್ ಹಿಡಿದರೂ ನಿಮಗೆ ಬೇಕಾದ್ದು 25 ಲೀಟರ್. ನಿಮಿಷಕ್ಕೆ ಒಂದೂವರೆ ಲೀಟರ್ ಕೊಡುವ ಫಿಲ್ಟರಿಗೆ ಹದಿನೇಳು ನಿಮಿಷ, ಅರ್ಧ ಲೀಟರ್ ಕೊಡುವುದಕ್ಕೆ ಐವತ್ತು ನಿಮಿಷ. ಆ ಹೊತ್ತಿನಲ್ಲಿ ಯಾರೂ ಪಂಪ್ ಒತ್ತುತ್ತಿಲ್ಲ. ಟೆಂಟಿನ ಗೂಟ ಹೊಡೆದು ಮುಗಿಸುವಷ್ಟರಲ್ಲಿ ನೀರು ತುಂಬಿರುತ್ತದೆ. ವೇಗಕ್ಕಾಗಿ ಹೆಚ್ಚು ದುಡ್ಡು ಕೊಡುವುದು ಈ ಜಾತಿಯ ಫಿಲ್ಟರಿನಲ್ಲಿ ಅರ್ಥವಿಲ್ಲದ್ದು. ಅದೂ ಅಲ್ಲದೆ ಡಬ್ಬಿಯ ಮೇಲಿನ ವೇಗ ಹೊಸ ನಾರು, ತಿಳಿನೀರಿನ ಲೆಕ್ಕ. ನೀರು ತಣ್ಣಗಾದಷ್ಟೂ ಮಂದವಾಗುತ್ತದೆ: 25 ಡಿಗ್ರಿಯಿಂದ 5 ಡಿಗ್ರಿಗೆ ಇಳಿದರೆ ಅದೇ ಫಿಲ್ಟರಿನ ಹರಿವು ಶೇಕಡಾ 40ರಷ್ಟು ಕುಗ್ಗುತ್ತದೆ.

ವೇಗ ಬೇಕಿದ್ದರೆ ಖರ್ಚಿಲ್ಲದ ದಾರಿ ಎತ್ತರ. ಒಂದು ಮೀಟರ್ ನೀರಿನ ಕಂಬ ಕೊಡುವ ಒತ್ತಡ ಸುಮಾರು 0.1 ಬಾರ್. ಎತ್ತರ ಇಮ್ಮಡಿಯಾದರೆ ಹರಿವೂ ಹೆಚ್ಚುಕಮ್ಮಿ ಇಮ್ಮಡಿ. ಈ ಎತ್ತರವನ್ನು ಅಳೆಯುವುದು ಮೇಲಿನ ಚೀಲದ ನೀರಿನ ಮಟ್ಟದಿಂದ ಪೈಪಿನ ಕೆಳತುದಿಯವರೆಗೆ, ಫಿಲ್ಟರಿನವರೆಗಲ್ಲ. ಪೈಪಿನ ತುಂಬ ನೀರಿದ್ದರೆ ಫಿಲ್ಟರಿನ ಕೆಳಗಿರುವ ನೀರೂ ತನ್ನ ಭಾರದಿಂದ ಮೇಲಿನದನ್ನು ಎಳೆಯುತ್ತದೆ. ಹಾಗಾಗಿ ಮೋಟು ಪೈಪಿನ ಸೆಟ್ಟಿಗೆ ಇನ್ನೊಂದು ಮೊಳ ಪೈಪು ಸೇರಿಸುವುದು ಹೊಸ ಫಿಲ್ಟರ್ ಕೊಂಡಷ್ಟೇ ಗುಣ ಕೊಡಬಹುದು.

ಇನ್ನು ಸಿದ್ಧ ಸೆಟ್ಟೋ, ಬಿಡಿಬಿಡಿಯಾಗಿ ಕೂಡಿಸುವುದೋ? ಕೈಯಲ್ಲಿ ಸ್ವಲ್ಪ ತಾಳ್ಮೆ ಇದ್ದರೆ ಕೂಡಿಸಿಕೊಳ್ಳಿ ಎನ್ನುತ್ತೇನೆ. ಬಾಟಲಿಗೆ ಸಿಕ್ಕಿಸಿ ಹಿಂಡುವ ‘ಸ್ಕ್ವೀಜ್’ ಮಾದರಿಯ ಫಿಲ್ಟರುಗಳಲ್ಲಿರುವುದೂ ಇದೇ ಟೊಳ್ಳು ನಾರು. ಅದರ ಎರಡೂ ತುದಿಗೆ ಚೀಲ, ಪೈಪು ಜೋಡಿಸಿದರೆ ಗ್ರಾವಿಟಿ ಫಿಲ್ಟರ್ ಆಯಿತು. ನೋಡಬೇಕಾದ್ದು ತಿರುಪಿನ ಅಳತೆ. ಸಾಮಾನ್ಯ ನೀರಿನ ಬಾಟಲಿಯ ಕತ್ತು 28 ಮಿಲಿಮೀಟರ್. ಸಾಯರ್ ಸ್ಕ್ವೀಜ್ ಥರದವು ಅದಕ್ಕೆ ಕೂರುತ್ತವೆ, ಅಂದರೆ ಚೀಲ ಹರಿದರೂ ಯಾವುದೋ ಬಾಟಲಿಯಲ್ಲಿ ಕೆಲಸ ಸಾಗುತ್ತದೆ. ಕ್ಯಾಟಡೈನ್ ಬಿಫ್ರೀ 42 ಮಿಲಿಮೀಟರಿನದು, ಅದರ ಅಳತೆಯ ಚೀಲವೇ ಬೇಕು. ಇವೆರಡರ ನಡುವೆ ಇನ್ನೊಂದು ಅಂತರವಿದೆ: ಸಾಯರನ್ನು ಹಿಮ್ಮುಖವಾಗಿ ನೀರು ಹಾಯಿಸಿ ತೊಳೆಯಬಹುದು, ಬಿಫ್ರೀಯನ್ನು ನೀರಿನಲ್ಲಿ ಅಲುಗಾಡಿಸಿ ತೊಳೆಯಬೇಕಷ್ಟೆ. ಬಗ್ಗಡ ನೀರಿಗೆ ಹೋಗುವವರಿಗೆ ನನ್ನ ಓಟು ಹಿಮ್ಮುಖ ತೊಳೆತ ಇರುವುದಕ್ಕೆ. ಬಹಳ ಪುಟ್ಟದಾದ ‘ಮಿನಿ’ ಮಾದರಿಗಳು ಅಗ್ಗ, ಆದರೆ ನಾರು ಕಮ್ಮಿ. ಒಬ್ಬರಿಗೆ ಸರಿ, ಐವರ ನೀರಿಗೆ ಅದು ಬೇಗ ಕಟ್ಟಿಕೊಂಡು ಪ್ರಾಣ ಹಿಂಡುತ್ತದೆ.

ಕೊಳೆ ನೀರಿನ ಚೀಲ ಮೇಲ್ಗಡೆ ಪೂರ್ತಿ ಬಾಯಿ ತೆರೆಯುವಂಥದ್ದಿರಲಿ. ಕತ್ತು ಕಿರಿದಾದ ಚೀಲವನ್ನು ಆಳವಿಲ್ಲದ ಹಳ್ಳದಲ್ಲಿ ತುಂಬಿಸಿ ನೋಡಿದವರಿಗೆ ಯಾಕೆಂದು ಗೊತ್ತು. ಫಿಲ್ಟರಿನ ಜತೆ ಬರುವ ತೆಳು ಚೀಲಗಳು ಸಾಮಾನ್ಯವಾಗಿ ಕತ್ತಿನ ಬುಡದ ಬೆಸುಗೆಯಲ್ಲಿ ಬಿಟ್ಟುಕೊಳ್ಳುತ್ತವೆ. ನಾಲ್ಕು ಲೀಟರ್ ನೀರೆಂದರೆ ನಾಲ್ಕು ಕಿಲೋ ಭಾರ, ಅದು ಗಂಟೆಗಟ್ಟಲೆ ಆ ಬೆಸುಗೆಯ ಮೇಲೆ ಜೋತಿರುತ್ತದೆ. ಟಿಪಿಯು ಎಂಬ, ರಬ್ಬರಿನಂತೆ ಬಾಗುವ ಪ್ಲಾಸ್ಟಿಕ್ ಹಾಳೆಯ ಚೀಲ ಬಾಳಿಕೆ ಬರುತ್ತದೆ. ಗಾಡಿಯಲ್ಲೇ ಹೋಗಿ ಇಳಿಯುವವರಾದರೆ ಚೀಲವೂ ಬೇಡ: ಮುಚ್ಚಳವಿರುವ, ಆಹಾರಕ್ಕೆ ಬಳಸುವ ದರ್ಜೆಯ 10 ಲೀಟರ್ ಬಕೆಟ್ಟಿಗೆ ತಳದಿಂದ ಮೂರು ನಾಲ್ಕು ಸೆಂಟಿಮೀಟರ್ ಮೇಲೆ ತೂತು ಕೊರೆದು, ವಾಷರ್ ಸಮೇತ ನಿಪ್ಪಲ್ (ಪೈಪು ಸಿಕ್ಕಿಸುವ ಮೂತಿ) ಕೂರಿಸಿ ಪೈಪು ಹಾಕಿ. ತೂತು ತಳದಲ್ಲೇ ಬೇಡ. ಗಸಿಯೆಲ್ಲ ಕೆಳಗೆ ಉಳಿಯಬೇಕು. ಮುಚ್ಚಳದಲ್ಲಿ ಗಾಳಿಗೆ ಒಂದು ಸೂಜಿತೂತು ಇರಲಿ, ಇಲ್ಲದಿದ್ದರೆ ಸ್ವಲ್ಪ ಹೊತ್ತಿಗೇ ನೀರು ನಿಲ್ಲುತ್ತದೆ.

ಎರಡು ಸಣ್ಣ ಸಾಮಾನು ಮರೆಯಬೇಡಿ. ತಿರುಪಿನೊಳಗಿನ ರಬ್ಬರ್ ವಾಷರ್ ಫಿಲ್ಟರ್ ಬಿಚ್ಚುವಾಗ ಗೊತ್ತಾಗದೆ ಹುಲ್ಲಿಗೆ ಬಿದ್ದುಹೋಗುತ್ತದೆ. ಅದಿಲ್ಲದೆ ಬಿಗಿದರೆ ಕೊಳೆ ನೀರು ಸಂದಿಯಲ್ಲಿ ಜಿನುಗಿ, ಫಿಲ್ಟರಿನ ಹೊರಮೈ ಹಿಡಿದು ಇಳಿದು, ನೇರ ಶುದ್ಧ ನೀರಿನ ಬಾಟಲಿಯ ಬಾಯಿಗೆ ತೊಟ್ಟಿಕ್ಕುತ್ತದೆ. ಎರಡು ವಾಷರ್ ಹೆಚ್ಚಿಗೆ ಇಟ್ಟುಕೊಳ್ಳಿ. ಎರಡನೆಯದು ಪೈಪಿನ ಕ್ಲಿಪ್ಪು. ಅದಿಲ್ಲದಿದ್ದರೆ ಬಾಟಲಿ ಬದಲಿಸುವಾಗಲೆಲ್ಲ ಬೆರಳಲ್ಲೇ ಅದುಮಬೇಕು, ಆ ಬೆರಳು ಎಲ್ಲೆಲ್ಲಿ ಮುಟ್ಟಿ ಬಂದಿರುತ್ತದೋ.

ಬಳಸುವಾಗ ಮೊದಲ ಕೆಲಸ ನೀರು ಆರಿಸುವುದು. ಪಾರದರ್ಶಕ ಬಾಟಲಿಯಲ್ಲಿ ನೀರು ತುಂಬಿ ಅಚ್ಚಾದ ಹಾಳೆಯ ಮೇಲೆ ನಿಲ್ಲಿಸಿ, ಮೇಲಿಂದ ಇಣುಕಿ. ಅಕ್ಷರ ಓದಲಾಗದಿದ್ದರೆ ಆ ನೀರನ್ನು ಹಾಗೇ ಫಿಲ್ಟರಿಗೆ ಹಾಕಬೇಡಿ. ಪಾತ್ರೆಯಲ್ಲಿ ರಾತ್ರಿಯಿಡೀ ಬಿಟ್ಟು, ಬೆಳಿಗ್ಗೆ ಮೇಲಿನ ತಿಳಿಯನ್ನು ಅಲುಗಿಸದೆ ಬಸಿದು, ನಾಲ್ಕು ಮಡಿಕೆಯ ಹತ್ತಿ ಬಟ್ಟೆಯಲ್ಲಿ ಸೋಸಿ ಚೀಲಕ್ಕೆ ಹಾಕಿ. ಇಷ್ಟು ಮಾಡಿದರೆ ಅಗ್ಗದ ಫಿಲ್ಟರೂ ಹಲವು ಪಟ್ಟು ಹೆಚ್ಚು ದಿನ ಬರುತ್ತದೆ.

ಹೊಸ ಫಿಲ್ಟರ್, ಅಥವಾ ಒಣಗಿಸಿ ಎತ್ತಿಟ್ಟಿದ್ದು, ಮೊದಲಿಗೆ ಹಟ ಹಿಡಿಯುತ್ತದೆ. ಹತ್ತು ಹದಿನೈದು ನಿಮಿಷ ಶುದ್ಧ ನೀರಿನಲ್ಲಿ ನೆನೆಸಿ ಆಮೇಲೆ ಜೋಡಿಸಿ. ಮೊದಲು ಇಳಿದ ಒಂದು ಲೀಟರ್ ಚೆಲ್ಲಿಬಿಡಿ.

ತೂಗುಹಾಕಿ, ಕ್ಲಿಪ್ಪು ತೆಗೆದು, ಐದು ನಿಮಿಷ ಕಾದರೂ ಬರೀ ತೊಟ್ಟು ತೊಟ್ಟು. ‘ಫಿಲ್ಟರ್ ಕೆಟ್ಟಿದೆ’ ಎಂಬ ದೂರುಗಳಲ್ಲಿ ತುಂಬ ಸಲ ನಿಜವಾದ ಕಾರಣ ಗಾಳಿ. ನಾರು ಒಮ್ಮೆ ಒದ್ದೆಯಾದರೆ ಅದರ ರಂಧ್ರಗಳು ನೀರನ್ನು ಬಿಡುತ್ತವೆ, ಗಾಳಿಯನ್ನು ಬಿಡುವುದಿಲ್ಲ. ಕೊಳವೆಯ ಕೊಳೆ ನೀರಿನ ಬದಿಯಲ್ಲಿ ಗಾಳಿ ಸಿಕ್ಕಿಕೊಂಡರೆ ಅಷ್ಟು ಭಾಗದ ನಾರಿಗೆ ನೀರೇ ತಾಗುವುದಿಲ್ಲ. ಉಪಾಯ ಸುಲಭ: ಕೆಳಗಿನ ಚೀಲದಲ್ಲಿ ಒಂದಿಷ್ಟು ಸೋಸಿದ ನೀರು ಸೇರಿದ ಮೇಲೆ ಅದನ್ನು ಮೇಲಿನ ಚೀಲಕ್ಕಿಂತ ಎತ್ತರಕ್ಕೆ ಹಿಡಿಯಿರಿ, ಪೈಪಿನ ಬಾಯಿ ನೀರಿನಲ್ಲಿ ಮುಳುಗಿರಬೇಕು. ಹತ್ತು ಹದಿನೈದು ಸೆಕೆಂಡಿನಲ್ಲಿ ನೀರು ಹಿಂದಕ್ಕೆ ಹರಿದು ಗಾಳಿಯನ್ನು ತಳ್ಳುತ್ತದೆ. ಕೊಳೆ ಚೀಲದಲ್ಲಿ ಗುಳುಗುಳು ಗುಳ್ಳೆ ಏಳುವುದು ಕಾಣುತ್ತದೆ. ಇಳಿಸಿದಾಗ ಹರಿವು ಥಟ್ಟನೆ ಬದಲಾಗಿರುತ್ತದೆ. ಇದರ ಅಣ್ಣತಮ್ಮನಂಥ ಇನ್ನೊಂದು ತೊಂದರೆ: ಕೆಳಗಿನ ಬಾಟಲಿಗೆ ಪೈಪನ್ನು ಗಾಳಿಯಾಡದಂತೆ ಬಿಗಿದಿರುವುದು. ಒಳಗಿನ ಗಾಳಿಗೆ ದಾರಿಯಿಲ್ಲದೆ ನೀರು ನಿಲ್ಲುತ್ತದೆ. ಮುಚ್ಚಳ ಅರ್ಧ ಸುತ್ತು ಸಡಿಲಿಸಿ, ಇಲ್ಲವೇ ಚೀಲವನ್ನು ಪೂರ್ತಿ ಚಪ್ಪಟೆ ಮಾಡಿ ಜೋಡಿಸಿ.

ಗಾಳಿ ತೆಗೆದರೂ ನಿಧಾನವಾದರೆ ನಾರಿನ ಮೇಲೆ ಕೊಳೆ ಕೂತಿದೆ. ಆಗ ಸೋಸಿದ ನೀರನ್ನೇ ಹಿಮ್ಮುಖವಾಗಿ ರಭಸದಿಂದ ನುಗ್ಗಿಸಬೇಕು. ಚೀಲ ಎತ್ತಿ ಹಿಡಿಯುವುದಕ್ಕಿಂತ 60 ಮಿಲಿಲೀಟರಿನ ಸಿರಿಂಜ್ ಚೆನ್ನಾಗಿ ಕೆಲಸ ಮಾಡುತ್ತದೆ. ಹೊರಬರುವ ನೀರು ಮೊದಲು ಕಂದಾಗಿದ್ದು ತಿಳಿಯಾಗುವವರೆಗೆ ಮಾಡಿ. ಪೂರ್ತಿ ಕಟ್ಟಿಕೊಳ್ಳುವವರೆಗೆ ಕಾಯದೆ ದಿನಕ್ಕೊಮ್ಮೆ ಮಾಡಿದರೆ ಅರ್ಧ ಲೀಟರಿನಲ್ಲಿ ಮುಗಿಯುತ್ತದೆ. ಗಡಸು ನೀರಿನ ಬಿಳಿ ಪೊರೆ ಕೂತು ಬಿಗಿದಿದ್ದರೆ ಉಗುರುಬೆಚ್ಚಗಿನ ವಿನೆಗರಿನಲ್ಲಿ ಅರ್ಧ ಗಂಟೆ ನೆನೆಸಿ ಆಮೇಲೆ ತೊಳೆಯಿರಿ.

ಟೊಳ್ಳು ನಾರಿನ ದೊಡ್ಡ ಶತ್ರು ಹೆಪ್ಪುಗಟ್ಟುವಿಕೆ. ಒಮ್ಮೆ ಒದ್ದೆಯಾದ ನಾರಿನಲ್ಲಿ ನೀರು ಮಂಜುಗಡ್ಡೆಯಾದರೆ ಗೋಡೆ ಸೀಳುತ್ತದೆ. ಹೊರಗಿನಿಂದ ಏನೂ ಕಾಣುವುದಿಲ್ಲ, ನೀರೂ ಚೆನ್ನಾಗಿಯೇ ಬರುತ್ತದೆ, ಮೊದಲಿಗಿಂತ ಜೋರಾಗಿ ಬಂದರೂ ಬಂತು. ಚಳಿಯ ಜಾಗದಲ್ಲಿ ರಾತ್ರಿ ಫಿಲ್ಟರನ್ನು ಕೊಡವಿ, ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ ಮಲಗುವ ಚೀಲದೊಳಗೆ ಇಟ್ಟುಕೊಳ್ಳಿ. ಬಂಡೆಯ ಮೇಲೆ ಜೋರಾಗಿ ಬಿದ್ದರೂ ಇದೇ ಅನುಮಾನ. ಪರೀಕ್ಷೆ ಹೀಗೆ: ಪೂರ್ತಿ ನೆನೆಸಿದ ಫಿಲ್ಟರಿನ ಕೊಳೆ ಬದಿಯನ್ನು ನೀರಿನಲ್ಲಿ ಅದ್ದಿ, ಶುದ್ಧ ಬದಿಯಿಂದ ಬಲವಾಗಿ ಊದಿ. ಒಳಗಿದ್ದ ನೀರು ಹೊರಬಂದು ಆಮೇಲೆ ಗಟ್ಟಿಯಾಗಿ ತಡೆಯಬೇಕು. ಗುಳ್ಳೆ ಬರುತ್ತಲೇ ಇದ್ದರೆ ನಾರು ಹರಿದಿದೆ, ಆ ಫಿಲ್ಟರ್ ಮುಗಿಯಿತು. ಸಣ್ಣ ಬಿರುಕು ಈ ಪರೀಕ್ಷೆಗೂ ಸಿಗದೆ ಹೋಗಬಹುದು. ಹೆಪ್ಪುಗಟ್ಟಿದ್ದು ಖಾತ್ರಿಯಾದರೆ ಪರೀಕ್ಷೆಯ ಗೊಡವೆಯೇ ಬೇಡ, ಬದಲಾಯಿಸಿ. ಅಲ್ಲಿಯವರೆಗೆ ನೀರನ್ನು ಕುದಿಸಿಯೇ ಕುಡಿಯಿರಿ: ಕೊತಕೊತ ಕುದಿ ಬಂದ ಮೇಲೆ ಒಂದು ನಿಮಿಷ, 2000 ಮೀಟರಿಗಿಂತ ಎತ್ತರದಲ್ಲಿ ಮೂರು ನಿಮಿಷ.

ಸೆರಾಮಿಕ್ ಕ್ಯಾಂಡಲ್ ಹಾಕಿದ ಎರಡು ಪಾತ್ರೆಯ ಫಿಲ್ಟರೂ ಗ್ರಾವಿಟಿ ಫಿಲ್ಟರೇ, ಉಜ್ಜಿ ತೊಳೆದು ವರ್ಷಗಟ್ಟಲೆ ಬಳಸಬಹುದು. ಆದರೆ ಭಾರ, ಗಂಟೆಗೆ ಒಂದೆರಡು ಲೀಟರಿನ ವೇಗ, ಕುಲುಕಾಟಕ್ಕೆ ಬಿರುಕು. ಒಂದೇ ಕಡೆ ವಾರಗಟ್ಟಲೆ ಬೀಡುಬಿಡುವವರಿಗೆ ಸರಿ, ಮೂರು ರಾತ್ರಿಗೆ ಬೇಡ.

ಇಷ್ಟೆಲ್ಲ ಸರಿಯಿದ್ದೂ ಹೊಟ್ಟೆ ಕೆಡುವುದು ಪೈಪಿನ ತುದಿಯಿಂದ. ಅದು ನೆಲಕ್ಕೆ ತಾಗುತ್ತದೆ, ಕೊಳೆ ಚೀಲದ ಜತೆ ಸುರುಳಿ ಸುತ್ತಿ ಒಂದೇ ಕವರಿಗೆ ಹೋಗುತ್ತದೆ. ಕೊಳೆ ಬದಿಯ ಚೀಲಕ್ಕೂ ಮುಚ್ಚಳಕ್ಕೂ ಕೆಂಪು ಟೇಪು ಸುತ್ತಿ, ಎರಡನ್ನೂ ಬೇರೆ ಬೇರೆ ಕಟ್ಟಿಡಿ. ಚೀಲ ತುಂಬಿ ಬಂದ ಕೈಯಲ್ಲೇ ಪೈಪಿನ ಬಾಯಿ ಹಿಡಿಯಬೇಡಿ. ಒಬ್ಬರು ತುಂಬಲಿ, ಇನ್ನೊಬ್ಬರು ಹಿಡಿಯಲಿ.

ಮನೆಗೆ ಬಂದ ದಿನವೇ ಶುದ್ಧ ನೀರಿನಿಂದ ಹಿಮ್ಮುಖವಾಗಿ ತೊಳೆದು, ಒಂದು ಲೀಟರಿಗೆ ಎರಡು ಹನಿ ಪರಿಮಳವಿಲ್ಲದ ಬ್ಲೀಚ್ ಬೆರೆಸಿದ ನೀರನ್ನು ಫಿಲ್ಟರಿನ ಮೂಲಕ ಹಾಯಿಸಿ, ಕೊಡವಿ, ನೆರಳಲ್ಲಿ ಒಣಗಲು ಬಿಡಿ. ನಾರಿನೊಳಗಿನ ಪಸೆ ಆರಲು ಹಲವು ದಿನ ಹಿಡಿಯುತ್ತದೆ, ಮೇಲೆ ಒಣಗಿದೆ ಎಂದು ಡಬ್ಬಿಯಲ್ಲಿ ಮುಚ್ಚಿಟ್ಟರೆ ಬೂಸಲು ಹಿಡಿಯುತ್ತದೆ. ತಯಾರಕರ ಚೀಟಿಯಲ್ಲಿ ಬ್ಲೀಚಿನ ಪ್ರಮಾಣ ಬೇರೆ ಹೇಳಿದ್ದರೆ ಅದನ್ನೇ ಅನುಸರಿಸಿ. ಮುಂದಿನ ಸಲ ಹೊರಡುವ ಹಿಂದಿನ ದಿನ ನೆನೆಸಿ, ಒಂದು ಲೀಟರ್ ಇಳಿಯಲು ಎಷ್ಟು ಹೊತ್ತು ಹಿಡಿಯುತ್ತದೆಂದು ಗಡಿಯಾರ ನೋಡಿ ಕೊಳವೆಯ ಮೇಲೇ ಬರೆದಿಡಿ. ಹಳ್ಳದ ಪಕ್ಕ ಕೂತು ‘ನಿಧಾನವಾಯಿತಲ್ಲ’ ಅನ್ನಿಸಿದಾಗ ಹೋಲಿಸಲು ಆ ಅಂಕಿ ಬೇಕಾಗುತ್ತದೆ.